ವಿಜ್ಞಾನ ಪ್ರತಿಭಾಶಾಲೆಗಳು

ಸರ್ಕಾರದ ಹಣದಿಂದ ನಡೆಯುತ್ತ, ನೆರೆಹೊರೆಯ ಮಕ್ಕಳನ್ನೆಲ್ಲ ಸೇರಿಸಿಕೊಳ್ಳುವುದಕ್ಕೆ ಬದಲಾಗಿ ಒಂದು ನಗರದ ಅಥವಾ ಜಿಲ್ಲೆಯ ನಾನಾ ಮೂಲೆಗಳಿಂದ ಪರೀಕ್ಷಾಮುಖೇನ ಆಯ್ದ ವಿದ್ಯಾರ್ಥಿಗಳನ್ನು ಒಂದೆಡೆ ಕೂಡಿಸಿ, ವಿಜ್ಞಾನ ಗಣಿತಗಳಲ್ಲಿ ಅವರಿಗೆ ಸಾಮಾನ್ಯ ಪಠ್ಯಕ್ರಮಕ್ಕಿಂತ ಮಿಗಿಲಾದ ಶಿಕ್ಷಣವನ್ನು ನೀಡುವ ಪ್ರೌಢಶಾಲೆಗಳಿಗೆ ಈ ಹೆಸರು ಸಲ್ಲುತ್ತದೆ. 1938ರಲ್ಲಿ ಆರಂಭವಾದ ನ್ಯೂಯಾರ್ಕಿನ ಬ್ರಾಂಕ್ಸ್ ವಿಜ್ಞಾನ ಪ್ರೌಢಶಾಲೆ ಇವುಗಳಲ್ಲಿ ಅತ್ಯಂತ ಪ್ರಖ್ಯಾತವಾದುದು. 1950ರಲ್ಲಿ ಒಂದೇ ತಂಡದಲ್ಲಿ ಅಲ್ಲಿಂದ ತೇರ್ಗಡೆಯಾಗಿ ಹೊರಬಿದ್ದ ಷೆಲ್ಡನ್ ಗ್ಲಾಷೋ ಮತ್ತು ಸ್ಟೀವನ್ ವೈನ್‌ಬರ್ಗ್ ಎಂಬ ಸಹಪಾಠಿಗಳು 1979ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಅಬ್ದುಸ್ ಸಲಾಂ ಅವರೊಡನೆ ಹಂಚಿಕೊಂಡರೆಂಬ ಸಂಗತಿ ಆ ಶಾಲೆಯ ಕೀರ್ತಿಗೆ ಕಳಶವಿಟ್ಟಿತು. ಸೋವಿಯತ್ ರಷ್ಯದಲ್ಲಿ ಗಣಿತಜ್ಞ ಕೊಲ್ಮೊಗೊರೋವ್ ಅವರ ನೇತೃತ್ವದಲ್ಲಿ 1963ರಲ್ಲಿ ಮಾಸ್ಕೋ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಇಂತಹದೇ ಒಂದು ವಸತಿಶಾಲೆ ತಲೆಯೆತ್ತಿತು. ಅಮೆರಿಕದಲ್ಲಿ 1960ರ ದಶಕದ ಕೊನೆಯಿಂದೀಚೆಗೆ ಹಬ್ಬಿದ ಮ್ಯಾಗ್ನೆಟ್ ಶಾಲೆಗಳ ಹುಟ್ಟಿಗೆ ಮಾತ್ರ ಕಾರಣ ಬೇರೆ. ಕರಿಯ ಬಿಳಿಯ ಮಕ್ಕಳು ತಮ್ಮ ತಮ್ಮ ಕೇರಿಗಳ ಶಾಲೆಗಳಲ್ಲಿ ಪ್ರತ್ಯೇಕವಾಗಿಯೇ ಉಳಿಯುತ್ತಿದ್ದ ಕಾಲದಲ್ಲಿ, ಬಲಾತ್ಕಾರವಿಲ್ಲದೆ ಅವರನ್ನು ಒಂದೇ ಸೂರಿನಡಿ ತರಲು ವಿಶೇಷ ಪಾಠಕ್ರಮವೊಂದರ ಸೆಳೆತವನ್ನು ಉಪಾಯವಾಗಿ ಬಳಸಲಾಯಿತು.

ಈ ಲಕ್ಷಣಗಳೆಲ್ಲ ಒಂದೇ ಸಂಸ್ಥೆಯಲ್ಲಿ ಕೂಡಿಬಂದಿರುವ ಶಾಲೆ ಕರ್ನಾಟಕದಲ್ಲಿ ಇಲ್ಲ. ಆಯ್ದು ಸೇರಿಸಿಕೊಳ್ಳುವ ಸರ್ಕಾರಿ ಶಾಲೆಗಳು ನಮ್ಮಲ್ಲಿವೆ, ಆದರೆ ಅವು ವಿಜ್ಞಾನಕ್ಕೆಂದು ಹುಟ್ಟಿದವಲ್ಲ. ವಿಜ್ಞಾನದ ಒಲವುಳ್ಳ ಮಕ್ಕಳನ್ನು ಶೋಧಿಸುವ ಪರೀಕ್ಷೆಗಳು ನಡೆದಿವೆ, ಆದರೆ ಶೋಧಿಸಿದ ಮೇಲೆ ಆ ಮಕ್ಕಳನ್ನು ಕೂರಿಸಲು ಅವುಗಳಿಗೆ ಶಾಲೆಯಿರಲಿಲ್ಲ. ವಿಜ್ಞಾನವನ್ನು ಕೈಯಾರೆ ಮಾಡಿ ಕಲಿಯುವ ತಾಣಗಳೂ ಇವೆ, ಅವು ಶಾಲೆಯ ಗಂಟೆಗೂ ಹಾಜರಿ ಪುಸ್ತಕಕ್ಕೂ ಹೊರಗಾದವು. ಈ ವಿಚ್ಛಿನ್ನತೆಯೇ ನಮ್ಮ ನಾಡಿನ ವ್ಯವಸ್ಥೆಯ ಮುಖ್ಯ ಲಕ್ಷಣವಾದುದರಿಂದ, ಪ್ರಸ್ತುತ ಲೇಖನದಲ್ಲಿ ಅವುಗಳ ಪರಸ್ಪರ ಸಂಬಂಧವನ್ನು ಗಮನದಲ್ಲಿರಿಸಿಕೊಂಡು ವಿವೇಚಿಸಲಾಗಿದೆ.

ಸ್ವಾತಂತ್ರ್ಯೋತ್ತರ ಭಾರತದ ಶಿಕ್ಷಣ ಚಿಂತನೆಯಲ್ಲಿ ಆಯ್ದ ಮಕ್ಕಳ ಶಾಲೆಯೆಂಬ ಕಲ್ಪನೆಯ ಬಗೆಗೆ ಬಹುಕಾಲ ಒಂದು ಅಳುಕು ಇದ್ದಿತು. ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅವರ ಅಧ್ಯಕ್ಷತೆಯ ಪ್ರೌಢಶಿಕ್ಷಣ ಆಯೋಗ (1952-53) ನಾನಾ ಅಭಿರುಚಿಯ ಮಕ್ಕಳಿಗೆ ಒಂದೇ ಆವರಣದಲ್ಲಿ ನಾನಾ ಶಾಖೆಗಳನ್ನು ಒದಗಿಸುವ ವಿವಿಧೋದ್ದೇಶ ಶಾಲೆಗಳನ್ನು ಸೂಚಿಸಿತೇ ಹೊರತು ವಿಜ್ಞಾನಕ್ಕೆ ಮೀಸಲಾದ ಶಾಲೆಯನ್ನಲ್ಲ. ಅಂತಹ ಶಾಲೆಗಳಿಗೆ ಬೇಕಾದ ಅಧ್ಯಾಪಕರನ್ನು ತಯಾರಿಸುವ ಸಲುವಾಗಿ ದೇಶದ ನಾಲ್ಕು ಕಡೆ ಸ್ಥಾಪಿತವಾದ ಪ್ರಾದೇಶಿಕ ಶಿಕ್ಷಣ ಕಾಲೇಜುಗಳಲ್ಲಿ ಒಂದು 1963ರಲ್ಲಿ ಮೈಸೂರಿನಲ್ಲಿ ಆರಂಭವಾಯಿತು. ಮಾನಸಗಂಗೋತ್ರಿಯ ಸನಿಹದಲ್ಲಿರುವ ಈ ಸಂಸ್ಥೆಯ ಪ್ರಾತ್ಯಕ್ಷಿಕ ಶಾಲೆಯೂ, ವಿಜ್ಞಾನವನ್ನೂ ಬೋಧನಶಾಸ್ತ್ರವನ್ನೂ ಜೊತೆಜೊತೆಯಾಗಿ ಕಲಿಸುವ ನಾಲ್ಕು ವರ್ಷಗಳ ಪದವಿಯೂ ಇಂದಿಗೂ ನಡೆದುಬರುತ್ತಿವೆ. ತರುವಾಯ ಬಂದ ಕೊಠಾರಿ ಆಯೋಗ (1964-66) ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎಲ್ಲ ಮಕ್ಕಳೂ ತಮ್ಮ ನೆರೆಯ ಸಾಮಾನ್ಯ ಶಾಲೆಯಲ್ಲಿಯೇ ಕಲಿಯತಕ್ಕದ್ದೆಂದು ಪ್ರತಿಪಾದಿಸಿತು. ಆಯೋಗದ ಅಧ್ಯಕ್ಷರಾಗಿದ್ದ ದೌಲತ್‌ಸಿಂಗ್ ಕೊಠಾರಿಯವರು ಸ್ವತಃ ಗಣ್ಯ ಭೌತವಿಜ್ಞಾನಿಗಳು. ವಿಜ್ಞಾನಿಯೊಬ್ಬರ ಲೇಖನಿಯಿಂದಲೇ ವಿಜ್ಞಾನಶಾಲೆಯ ಕಲ್ಪನೆಗೆ ತಡೆ ಬಂದಿತೆಂದು ಕೆಲವರು ನೊಂದುಕೊಳ್ಳುವುದುಂಟು. ಆದರೆ ಕನ್ನಡನಾಡಿನ ಅನುಭವವನ್ನು ನೋಡಿದರೆ ಕೊಠಾರಿಯವರ ಪಕ್ಷಕ್ಕೂ ಬಲವಿಲ್ಲದಿಲ್ಲ. ಸಿ.ಎನ್.ಆರ್. ರಾಯರು ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಓದಿ ಸೆಂಟ್ರಲ್ ಕಾಲೇಜಿಗೆ ಹೋದವರು, ಯು.ಆರ್. ರಾಯರು ಉಡುಪಿ ಸೀಮೆಯ ಅದಮಾರಿನಲ್ಲಿ ಹುಟ್ಟಿ ಊರ ಸುತ್ತಣ ಶಾಲೆಗಳಲ್ಲಿಯೇ ಕಲಿತು ಮೇಲೇರಿದವರು.

ಹೀಗೆ ಶಾಲೆಯನ್ನು ಕಟ್ಟಲು ಹಿಂಜರಿದ ಕಾಲವೇ ಪ್ರತಿಭೆಯನ್ನು ಹುಡುಕುವ ಕಾರ್ಯದಲ್ಲಿ ಉತ್ಸಾಹ ತೋರಿತು. 1963ರಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯು ದೆಹಲಿಯ ಮಟ್ಟಿಗೆ ಹತ್ತೇ ಹತ್ತು ವಿದ್ಯಾರ್ಥಿವೇತನಗಳೊಡನೆ ಆರಂಭಿಸಿದ ವಿಜ್ಞಾನ ಪ್ರತಿಭಾನ್ವೇಷಣ ಯೋಜನೆ ಮರುವರ್ಷವೇ 350 ವೇತನಗಳೊಂದಿಗೆ ದೇಶಾದ್ಯಂತ ವಿಸ್ತರಿಸಿತು. ಆಗಿನ ಪರೀಕ್ಷೆಯ ಸ್ವರೂಪ ಗಮನಾರ್ಹವಾದುದು: ವಿಜ್ಞಾನದ ಅಭಿರುಚಿಯನ್ನು ಅಳೆಯುವ ಪ್ರಶ್ನಪತ್ರಿಕೆಯ ಜೊತೆಗೆ ವಿದ್ಯಾರ್ಥಿಯು ಒಂದು ವೈಜ್ಞಾನಿಕ ವಿಷಯವನ್ನು ಕುರಿತು ಪ್ರಬಂಧ ಬರೆಯಬೇಕಾಗಿದ್ದಿತು, ತಾನೇ ಕೈಗೊಂಡ ಪ್ರಯೋಗವೊಂದರ ವರದಿಯನ್ನು ಒಪ್ಪಿಸಬೇಕಾಗಿದ್ದಿತು, ಆಮೇಲೆ ಸಂದರ್ಶನವನ್ನೂ ಎದುರಿಸಬೇಕಾಗಿದ್ದಿತು, ಆಯ್ಕೆಯಾದವನು ಮೂಲವಿಜ್ಞಾನಗಳನ್ನೇ ಓದತಕ್ಕದ್ದೆಂಬ ನಿರ್ಬಂಧವೂ ಇದ್ದಿತು. 1976ರಲ್ಲಿ ಯೋಜನೆಯ ಹೆಸರಿನಿಂದ ವಿಜ್ಞಾನವೆಂಬ ಪದ ಕಳಚಿಹೋಗಿ, ಸಮಾಜವಿಜ್ಞಾನ, ಎಂಜಿನಿಯರಿಂಗ್, ವೈದ್ಯ ಇವೆಲ್ಲಕ್ಕೂ ಬಾಗಿಲು ತೆರೆಯಿತು. ಪ್ರಬಂಧವೂ ಪ್ರಯೋಗದ ವರದಿಯೂ ಮರೆಯಾಗಿ ಆಯ್ಕೆಯುತ್ತರದ ಪ್ರಶ್ನೆಗಳು ಅವುಗಳ ಸ್ಥಾನಕ್ಕೆ ಬಂದವು. 1985ರಿಂದ ಮೊದಲ ಹಂತದ ಪರೀಕ್ಷೆಯ ಹೊಣೆ ರಾಜ್ಯಗಳಿಗೆ ಬಂದಿತು. ವೇತನಗಳ ಸಂಖ್ಯೆ 2000ದಲ್ಲಿ 1000ಕ್ಕೂ, 2019ರಲ್ಲಿ 2000ಕ್ಕೂ ಏರಿ, ಆ ಬಳಿಕ 2021ರಲ್ಲಿ ಯೋಜನೆಯೇ ಸ್ಥಗಿತವಾಯಿತು.

ಆಯ್ಕೆಯೂ ವಸತಿಯೂ ಒಂದಾಗಿ ಬಂದುದು ಜವಾಹರ ನವೋದಯ ವಿದ್ಯಾಲಯಗಳಲ್ಲಿ. ರಾಜೀವ್ ಗಾಂಧಿಯವರು ಪ್ರಧಾನಿಯಾಗಿಯೂ ಪಿ.ವಿ. ನರಸಿಂಹರಾಯರು ಮಾನವ ಸಂಪನ್ಮೂಲ ಸಚಿವರಾಗಿಯೂ ಇದ್ದಾಗ ರೂಪುಗೊಂಡ 1986ರ ರಾಷ್ಟ್ರೀಯ ಶಿಕ್ಷಣ ನೀತಿಯು, ಜಿಲ್ಲೆಗೊಂದರಂತೆ ಇತರ ಶಾಲೆಗಳಿಗೆ ಮಾರ್ಗದರ್ಶಕವಾಗಬಲ್ಲ ವಸತಿಶಾಲೆಗಳನ್ನು ಸ್ಥಾಪಿಸಬೇಕೆಂದು ವಿಧಿಸಿತು. ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಗಳಲ್ಲಿ ಮೊದಲ ಎರಡು ಶಾಲೆಗಳು ಅದಕ್ಕೂ ತುಸು ಮುಂಚೆಯೇ ಪ್ರಾಯೋಗಿಕವಾಗಿ ತೆರೆದಿದ್ದವು. ಇಂದು ದೇಶದಲ್ಲಿ 650ಕ್ಕೂ ಮಿಕ್ಕಿ ನವೋದಯಗಳಿವೆ. ತಮಿಳುನಾಡು ಮಾತ್ರ, ಭಾಷಾನೀತಿಯ ಕಾರಣದಿಂದ, ಈ ಯೋಜನೆಯನ್ನು ಒಪ್ಪಿಕೊಳ್ಳಲಿಲ್ಲ. ಕರ್ನಾಟಕದ ಶಾಲೆಗಳು ಹೈದರಾಬಾದಿನ ಪ್ರಾದೇಶಿಕ ಕಚೇರಿಗೆ ಸೇರಿವೆ. ಶಿವಮೊಗ್ಗ ಜಿಲ್ಲೆಯ ಗಾಜನೂರು, ಹಾಸನದ ಮಾವಿನಕೆರೆ, ಕೊಡಗಿನ ಗಾಳಿಬೀಡು, ದಕ್ಷಿಣ ಕನ್ನಡದ ಮುಡಿಪು, ಗಡಿಯಾಚೆಯ ಕಾಸರಗೋಡಿನ ಪೆರಿಯ ಈ ಹೆಸರುಗಳನ್ನು ನೋಡಿದರೆ ಸಾಕು, ಶಾಲೆಗಳನ್ನು ಬೇಕೆಂದೇ ಪಟ್ಟಣಗಳಿಂದ ದೂರದಲ್ಲಿ ಕಟ್ಟಿದರೆಂಬುದು ತಿಳಿಯುತ್ತದೆ.

ಪ್ರವೇಶದ ನಿಯಮಗಳಲ್ಲಿಯೂ ಇದೇ ಆಶಯ ಕಾಣುತ್ತದೆ. ಪ್ರತಿ ಶಾಲೆಯ ಆರನೆಯ ತರಗತಿಗೆ ಸಾಮಾನ್ಯವಾಗಿ 80 ಮಕ್ಕಳು. ಅವರಲ್ಲಿ ಕನಿಷ್ಠ ಮುಕ್ಕಾಲು ಪಾಲು ಗ್ರಾಮಾಂತರದವರು, ಮೂರರಲ್ಲೊಂದು ಪಾಲು ಹೆಣ್ಣುಮಕ್ಕಳು. ಪರಿಶಿಷ್ಟ ಜಾತಿ ಪಂಗಡಗಳಿಗೆ ಜಿಲ್ಲೆಯ ಜನಸಂಖ್ಯೆಗೆ ಅನುಗುಣವಾದ ಮೀಸಲಾತಿ. ಗ್ರಾಮಾಂತರದ ಸ್ಥಾನವನ್ನು ಬಯಸುವ ಮಗು ಮೂರು, ನಾಲ್ಕು, ಐದನೆಯ ತರಗತಿಗಳನ್ನು ಹಳ್ಳಿಯ ಶಾಲೆಯಲ್ಲಿಯೇ ಓದಿರಬೇಕು, ಆ ಅವಧಿಯಲ್ಲಿ ಒಂದೇ ಒಂದು ದಿನ ನಗರದ ಶಾಲೆಯಲ್ಲಿ ಕಲಿತಿದ್ದರೂ ಅದು ನಗರದ ಮಗುವೆಂದೇ ಪರಿಗಣಿತವಾಗುತ್ತದೆ. ಐದನೆಯ ತರಗತಿಯಲ್ಲಿದ್ದಾಗ ಪರೀಕ್ಷೆಗೆ ಒಂದು ಸಲ ಮಾತ್ರ ಅವಕಾಶ. ತಪ್ಪಿದರೆ ಮರುವರ್ಷ ಕೂರುವಂತಿಲ್ಲ. ಹಳ್ಳಿಗಳಲ್ಲಿ ನವೋದಯ ಪರೀಕ್ಷೆಯೆಂದರೆ ಮನೆಮಂದಿಗೆಲ್ಲ ಪರೀಕ್ಷೆಯಾಗುವುದು ಈ ಕಾರಣದಿಂದಲೇ.

ಪ್ರಶ್ನಪತ್ರಿಕೆಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಎರಡು ಗಂಟೆಗಳ ಅವಧಿ, 80 ಪ್ರಶ್ನೆ, 100 ಅಂಕ. ಅದರಲ್ಲಿ ಅರ್ಧ, ಎಂದರೆ 40 ಪ್ರಶ್ನೆಗಳು, ಮಾನಸಿಕ ಸಾಮರ್ಥ್ಯದವು: ನಾಲ್ಕು ಚಿತ್ರಗಳಲ್ಲಿ ಗುಂಪಿಗೆ ಸೇರದುದು ಯಾವುದು, ಅರ್ಧ ಅಳಿಸಿದ ಚೌಕದ ಉಳಿದ ತುಂಡು ಯಾವುದು, ಈ ಆಕೃತಿಯ ಎದುರಿಗೆ ಕನ್ನಡಿ ಹಿಡಿದರೆ ಹೇಗೆ ತೋರೀತು, ಮಡಿಸಿ ತೂತು ಮಾಡಿದ ಕಾಗದವನ್ನು ಬಿಚ್ಚಿದಾಗ ತೂತುಗಳು ಎಲ್ಲೆಲ್ಲಿ ಬಿದ್ದಾವು. ಉಳಿದುದರಲ್ಲಿ 20 ಪ್ರಶ್ನೆ ಅಂಕಗಣಿತಕ್ಕೆ, 20 ಭಾಷೆಗೆ. ಮಗು ಕನ್ನಡದಲ್ಲಿಯೇ ಬರೆಯಬಹುದು. ಅರ್ಥಾತ್, ಸರಿಯಾದ ವೃತ್ತಕ್ಕೆ ಬಾಲ್ ಪೆನ್ನಿನಿಂದ ಮಸಿ ತುಂಬಬಹುದು. ವಿಜ್ಞಾನದ ಪ್ರಶ್ನೆ ಒಂದೂ ಇಲ್ಲ. ಬೀಜ ಮೊಳೆಯುವುದನ್ನೂ ಹುಣ್ಣಿಮೆಯ ಚಂದ್ರ ಕುಗ್ಗುವುದನ್ನೂ ಕುತೂಹಲದಿಂದ ನೋಡಿದ ಮಗುವಿಗೂ ನೋಡದ ಮಗುವಿಗೂ ಈ ಪತ್ರಿಕೆಯ ದೃಷ್ಟಿಯಲ್ಲಿ ವ್ಯತ್ಯಾಸವಿಲ್ಲ. ಹತ್ತು ವರ್ಷದ ಮಗುವಿನ ಪಠ್ಯಜ್ಞಾನವನ್ನು ಅಳೆದರೆ ಅದು ಮಗುವಿನ ಅಳತೆಯಾಗದೆ ಶಾಲೆಯ ಅಳತೆಯಾದೀತೆಂಬ ಸಮರ್ಥನೆ ಇದಕ್ಕುಂಟು, ಅದು ತೂಕದ ಮಾತೂ ಹೌದು. ಆದರೂ ಚಿತ್ರಗಳ ಒಗಟನ್ನು ಬಿಡಿಸುವುದನ್ನೇ ವರ್ಷವಿಡೀ ಅಭ್ಯಾಸ ಮಾಡಿಸುವ ಕೋಚಿಂಗ್ ಕೇಂದ್ರಗಳು ತಾಲ್ಲೂಕು ಪಟ್ಟಣಗಳಲ್ಲೆಲ್ಲ ಬೋರ್ಡು ಹಾಕಿಕೊಂಡಿರುವಾಗ ಆ ತೂಕ ತುಸು ಇಳಿಯದೆ ಇಲ್ಲ. ಒಂಬತ್ತನೆಯ ತರಗತಿಯಲ್ಲಿ ತೆರವಾದ ಸ್ಥಾನಗಳಿಗೆ ನಡೆಯುವ ಪರೀಕ್ಷೆಯಲ್ಲಿ ಮಾತ್ರ ವಿಜ್ಞಾನಕ್ಕೂ ಗಣಿತಕ್ಕೂ ತಲಾ 35 ಅಂಕಗಳಿವೆ. ಆ ಸ್ಥಾನಗಳಾದರೋ ಬೆರಳೆಣಿಕೆಯವು.

ಒಳಹೊಕ್ಕ ಮಗುವಿನ ಜೀವನ ಬೆಳಗಿನ ವ್ಯಾಯಾಮದಿಂದ ರಾತ್ರಿಯ ಓದಿನವರೆಗೆ ಗಂಟೆಯ ನಾದಕ್ಕೆ ಕಟ್ಟುಬಿದ್ದುದು. ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಎಂಬ ನಾಲ್ಕು ಪರ್ವತನಾಮಗಳ ನಿಲಯಗಳಲ್ಲಿ ಒಂದಕ್ಕೆ ಸೇರಿ ಏಳು ವರ್ಷ ಕಳೆಯುವ ಈ ಮಕ್ಕಳಿಗೆ ಊಟ, ವಸತಿ, ಸಮವಸ್ತ್ರ, ಪುಸ್ತಕಗಳೆಲ್ಲ ಉಚಿತ. ಒಂಬತ್ತನೆಯ ತರಗತಿಯಿಂದ ಮೇಲೆ ಕೆಲವು ವರ್ಗಗಳ ಮಕ್ಕಳಿಂದ ಮಾತ್ರ ವಿದ್ಯಾಲಯ ವಿಕಾಸ ನಿಧಿಗೆಂದು ಮಾಸಿಕ ಶುಲ್ಕವನ್ನು ಪಡೆಯಲಾಗುತ್ತದೆ, ಹೆಣ್ಣುಮಕ್ಕಳಿಗೂ ಪರಿಶಿಷ್ಟರಿಗೂ ಬಡತನರೇಖೆಯ ಕೆಳಗಿನವರಿಗೂ ಅದರಿಂದ ವಿನಾಯಿತಿಯಿದೆ. ಒಂಬತ್ತನೆಯ ತರಗತಿಯಲ್ಲಿ ನೂರಕ್ಕೆ ಮೂವತ್ತರಷ್ಟು ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಹಿಂದೀ ಭಾಷಾಪ್ರಾಂತದ ಶಾಲೆಗೆ ಕಳುಹಿಸಿ, ಅಲ್ಲಿಯವರನ್ನು ಇಲ್ಲಿಗೆ ಕರೆಸಿಕೊಳ್ಳುವ ವಿನಿಮಯ ಪದ್ಧತಿಯೂ ಉಂಟು.

ವಿಜ್ಞಾನ ಶಿಕ್ಷಣದ ದೃಷ್ಟಿಯಿಂದ ಇಲ್ಲಿ ಸೂಕ್ಷ್ಮವಾಗಿ ಪರಿಶೀಲಿಸಬೇಕಾದುದು ಭಾಷಾಕ್ರಮ. ಎಂಟನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಪ್ರಾದೇಶಿಕ ಭಾಷೆ ಮಾಧ್ಯಮವಾಗಿರುತ್ತದೆಂದೂ, ಅಲ್ಲಿಂದ ಮೇಲೆ ವಿಜ್ಞಾನ ಗಣಿತಗಳಿಗೆ ಇಂಗ್ಲಿಷೂ ಸಮಾಜವಿಜ್ಞಾನಕ್ಕೆ ಹಿಂದಿಯೂ ಮಾಧ್ಯಮಗಳಾಗುತ್ತವೆಂದೂ ನವೋದಯದ ನಿಯಮ ಹೇಳುತ್ತದೆ. ದ್ಯುತಿಸಂಶ್ಲೇಷಣೆಯನ್ನೂ ಗುರುತ್ವವನ್ನೂ ಕನ್ನಡದಲ್ಲಿ ಅರಿತ ಬಾಲಕ ಪರಮಾಣುವಿನ ರಚನೆಯನ್ನು ಕಲಿಯುವ ಹೊತ್ತಿಗೆ ಬೇರೊಂದು ನುಡಿಗೆ ಹೊರಳಬೇಕಾಗುತ್ತದೆ, ಅದೂ ಕೆಲವು ಮಕ್ಕಳ ಪಾಲಿಗೆ ಊರು ಬಿಟ್ಟು ಊರಿಗೆ ಹೋಗಿರುವ ವರ್ಷದಲ್ಲಿಯೇ. ಬಹುಮಂದಿ ಈ ಹೊರಳನ್ನು ಸಮರ್ಥವಾಗಿ ದಾಟುತ್ತಾರೆ. ಆದರೆ 1918ರಷ್ಟು ಹಿಂದೆಯೇ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿ ಪ್ರೌಢವಿಷಯಗಳನ್ನು ಕನ್ನಡದಲ್ಲಿ ಹೇಳಬಹುದೆಂದು ತೋರಿಸಿದ್ದ ನಾಡಿನಲ್ಲಿ, ಆಯ್ದ ಮಕ್ಕಳ ಶಾಲೆಯೊಂದು ಒಂಬತ್ತನೆಯ ತರಗತಿಯ ಹೊಸ್ತಿಲಲ್ಲಿ ಕನ್ನಡವನ್ನು ವಿಜ್ಞಾನದ ಕೊಠಡಿಯಿಂದ ಹೊರಗೆ ಕಳುಹಿಸುವುದು ಅನಿವಾರ್ಯವೇ ಎಂಬ ಪ್ರಶ್ನೆಯನ್ನು ಕೇಳಬೇಕಾಗಿದೆ.

ರಾಜ್ಯ ಸರ್ಕಾರದ ಮೊರಾರ್ಜಿ ದೇಸಾಯಿ ಹಾಗೂ ಕಿತ್ತೂರು ರಾಣಿ ಚೆನ್ನಮ್ಮ ವಸತಿಶಾಲೆಗಳಿಗೂ ಆರನೆಯ ತರಗತಿಗೆ ಪ್ರವೇಶ ಪರೀಕ್ಷೆಯಿದೆ. ಇವುಗಳ ಪ್ರಧಾನ ಉದ್ದೇಶ ಹಿಂದುಳಿದ ವರ್ಗಗಳ ಮಕ್ಕಳಿಗೆ ಆಶ್ರಯವನ್ನೂ ಒಳ್ಳೆಯ ವಿದ್ಯೆಯನ್ನೂ ಒದಗಿಸುವುದು. ಕೇಂದ್ರದ ಮಾದರಿ ಶಾಲಾ ಯೋಜನೆಯಡಿ ಶೈಕ್ಷಣಿಕವಾಗಿ ಹಿಂದುಳಿದ ತಾಲ್ಲೂಕುಗಳಲ್ಲಿ ತೆರೆದ 74 ಆದರ್ಶ ವಿದ್ಯಾಲಯಗಳು ವಸತಿಯಿಲ್ಲದವು, ಇಂಗ್ಲಿಷ್ ಮಾಧ್ಯಮದವು. 2015ರಲ್ಲಿ ಕೇಂದ್ರವು ಕೈಬಿಟ್ಟ ಮೇಲೂ ರಾಜ್ಯವು ಅವುಗಳನ್ನು ನಡೆಸಿಕೊಂಡು ಬಂದಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲಾ ಪ್ರವೇಶಕ್ಕಾಗಿ ಮಕ್ಕಳನ್ನು ಪರೀಕ್ಷಿಸುವುದನ್ನು ನಿಷೇಧಿಸಿದರೂ ಕೇಂದ್ರೀಯ ವಿದ್ಯಾಲಯ, ನವೋದಯ, ಸೈನಿಕ ಶಾಲೆ ಮುಂತಾದವನ್ನು ನಿರ್ದಿಷ್ಟ ವರ್ಗದ ಶಾಲೆಗಳೆಂದು ಬೇರೆಯಾಗಿ ಗುರುತಿಸಿತು.

ಇನ್ನು ನಗರದ ಮಗುವಿನ ಸ್ಥಿತಿಯನ್ನು ನೋಡಬೇಕು. ಪಶ್ಚಿಮ ಬೆಂಗಳೂರಿನಲ್ಲಿ ವಿಜಯನಗರಕ್ಕೂ ಚಂದ್ರಾ ಬಡಾವಣೆಗೂ ಹೊಂದಿಕೊಂಡಿರುವ ಅತ್ತಿಗುಪ್ಪೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಒಂದು ಕಾಲಕ್ಕೆ ನಗರದ ಹೊರಗಣ ಹಳ್ಳಿಯಾಗಿದ್ದು ಈಗ ಬಡಾವಣೆಗಳ ನಡುವೆ ಮುಳುಗಿರುವ ಈ ಪ್ರದೇಶದ ಬಾಲಕಿಯೊಬ್ಬಳು ನವೋದಯವನ್ನು ಬಯಸಿದರೆ, ಬೆಂಗಳೂರು ನಗರ ಜಿಲ್ಲೆಯ ಶಾಲೆ ಇರುವುದು ಊರಿನ ಇನ್ನೊಂದು ತುದಿಯ ಬಾಗಲೂರಿನಲ್ಲಿ. ಗ್ರಾಮಾಂತರದ ಮೀಸಲು ಅವಳಿಗಿಲ್ಲವಾದುದರಿಂದ ಉಳಿದ ಕಾಲು ಭಾಗದೊಳಗೆ ಅವಳು ಸ್ಪರ್ಧಿಸಬೇಕು. ಹೀಗೆ ಆಯ್ದ ಮಕ್ಕಳ ಸರ್ಕಾರಿ ಶಾಲೆ ಅವಳಿಗೆ ಬಹುಮಟ್ಟಿಗೆ ಮುಚ್ಚಿದ ಬಾಗಿಲೇ ಸರಿ. ಆದರೆ ಹಳ್ಳಿಯ ಮಗುವಿಗೆ ದೊರೆಯದ ಇನ್ನೊಂದು ಸೌಕರ್ಯ ಅವಳ ಕೈಗೆಟುಕುವಷ್ಟು ದೂರದಲ್ಲಿದೆ. 2015ರ ನವೆಂಬರಿನಲ್ಲಿ ತೆರೆದ ಅತ್ತಿಗುಪ್ಪೆಯ ಮೆಟ್ರೋ ನಿಲ್ದಾಣದಲ್ಲಿ ರೈಲು ಹತ್ತಿದರೆ ವಿಜಯನಗರ, ಹೊಸಹಳ್ಳಿ, ಮಾಗಡಿ ರಸ್ತೆ, ರೈಲ್ವೆ ನಿಲ್ದಾಣ, ಮೆಜೆಸ್ಟಿಕ್‌ಗಳ ತರುವಾಯ ಬರುವುದು ಸೆಂಟ್ರಲ್ ಕಾಲೇಜು. ‘ವಿಜ್ಞಾನ’ ಪತ್ರಿಕೆಯ ವೆಂಕಟನಾರಣಪ್ಪನವರು ಭೌತವಿಜ್ಞಾನವನ್ನು ಬೋಧಿಸುತ್ತಿದ್ದುದು ಈ ಕಾಲೇಜಿನಲ್ಲಿ. ಚಂದ್ರಶೇಖರ ವೆಂಕಟ ರಾಮನ್ನರು ತಮ್ಮ ಹೊಸ ವಿಕಿರಣದ ಶೋಧವನ್ನು ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯ ಮುಂದೆ ವಿವರಿಸಿದ್ದು 1928ರ ಮಾರ್ಚ್ 16ರಂದು ಇದೇ ಬೆಂಗಳೂರಿನಲ್ಲಿ. ಇನ್ನೂ ಎರಡು ನಿಲ್ದಾಣ ಮುಂದುವರಿದು ಕಬ್ಬನ್ ಪಾರ್ಕಿನಲ್ಲಿ ಇಳಿದರೆ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಸಮೀಪವೇ ಇದೆ.

ಬೆಂಗಳೂರಿನ ವಿಜ್ಞಾನ ಶಿಕ್ಷಣದ ನಿಜವಾದ ಬಲ ಶಾಲೆಗಳ ಹೊರಗೆ ಬೆಳೆದುದೆಂದು ಹೇಳಿದರೆ ಅತಿಶಯೋಕ್ತಿಯಾಗದು. ಗೌರಿಬಿದನೂರಿನ ಹೊಸೂರಿನಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲೇ ಬಂದು ಓದಿದ, ಮುಂದೆ ಅಮೆರಿಕದ ಒಹೈಯೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಹಿಂದಿರುಗಿದ ಎಚ್. ನರಸಿಂಹಯ್ಯನವರು, ಬಸವನಗುಡಿಯ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಎಂಬ ಸಂಸ್ಥೆಯನ್ನು ಕಟ್ಟಿದರು. ಬುಧವಾರದ ಸಂಜೆಯ ಉಪನ್ಯಾಸ ಅದರ ನಿತ್ಯನೇಮ. ಪ್ರವೇಶ ಪರೀಕ್ಷೆಯಿಲ್ಲ, ಶುಲ್ಕವಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮಾತನಾಡುವಾಗ ಮುಂದಿನ ಬೆಂಚಿನಲ್ಲಿ ನಿವೃತ್ತ ಎಂಜಿನಿಯರೊಬ್ಬರೂ ಹಿಂದಿನ ಬೆಂಚಿನಲ್ಲಿ ಪಿಯುಸಿ ಓದುವ ಹುಡುಗರೂ ಕುಳಿತಿರುವುದು ಅಲ್ಲಿನ ವಾಡಿಕೆಯ ನೋಟ. 1989ರಲ್ಲಿ ನಗರಪಾಲಿಕೆಯು ಕಟ್ಟಿಸಿದ ಜವಾಹರಲಾಲ್ ನೆಹರೂ ತಾರಾಲಯದ ಆಡಳಿತವನ್ನು 1992ರಿಂದ ವಹಿಸಿಕೊಂಡ ಬೆಂಗಳೂರು ವಿಜ್ಞಾನ ಶಿಕ್ಷಣ ಸಂಘ ತಾರಾಪ್ರದರ್ಶನಗಳಿಗಷ್ಟೇ ತೃಪ್ತಿಪಡದೆ, ಪ್ರೌಢಶಾಲೆಯ ಮಕ್ಕಳಿಗೂ ಪದವಿ ವಿದ್ಯಾರ್ಥಿಗಳಿಗೂ ವಾರಾಂತ್ಯದ ತರಗತಿಗಳನ್ನು ಏರ್ಪಡಿಸಿತು. ಅಲ್ಲಿ ಮಸೂರವನ್ನು ಹಿಡಿದು ನಾಭಿದೂರವನ್ನು ತಾನೇ ಅಳೆದು, ತನ್ನ ಉತ್ತರ ಪುಸ್ತಕದ ಉತ್ತರಕ್ಕೆ ಯಾಕೆ ಸರಿಹೊಂದಲಿಲ್ಲವೆಂದು ಅಧ್ಯಾಪಕರೊಡನೆ ವಾದಿಸುವ ಅವಕಾಶ ವಿದ್ಯಾರ್ಥಿಗೆ ದೊರೆಯುತ್ತದೆ. ನವೋದಯದ ಪ್ರಶ್ನಪತ್ರಿಕೆ ಅಳೆಯದೆ ಬಿಟ್ಟದ್ದು ಇಂತಹ ಸಾಮರ್ಥ್ಯವನ್ನೇ. ಆದರೆ ಈ ಸೌಭಾಗ್ಯವು ರೈಲು ಬಸ್ಸುಗಳ ದೂರದೊಳಗಿರುವವರಿಗೆ ಮಾತ್ರ ಲಭ್ಯ. ಗಾಜನೂರಿನ ಹುಡುಗನಿಗೆ ತಾರಾಲಯ ಶಾಲಾಪ್ರವಾಸದ ಒಂದು ಮಧ್ಯಾಹ್ನವಾಗಿಯಷ್ಟೇ ಉಳಿಯುತ್ತದೆ.

1999ರಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಆರಂಭಿಸಿದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯು ಹುಡುಕಾಟವನ್ನು ಮತ್ತೆ ಮೂಲವಿಜ್ಞಾನದ ಕಡೆಗೆ ತಿರುಗಿಸಿತು. ಇದರ ನಿರ್ವಹಣೆಯ ಹೊಣೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. 2011ರಲ್ಲಿ ಆ ಸಂಸ್ಥೆ ತನ್ನ ನಾಲ್ಕು ವರ್ಷಗಳ ವಿಜ್ಞಾನ ಪದವಿಯನ್ನು ತೆರೆದಾಗ ಈ ಪರೀಕ್ಷೆಯೂ ಪ್ರವೇಶದ್ವಾರಗಳಲ್ಲಿ ಒಂದಾಯಿತು. ಹನ್ನೊಂದನೆಯ ತರಗತಿಯಿಂದ ಸಂಶೋಧನಾಲಯದವರೆಗೆ ಒಂದು ನೇರ ದಾರಿ ಏರ್ಪಟ್ಟಿತೆನ್ನುವಷ್ಟರಲ್ಲಿ, 2022ರಲ್ಲಿ, ಯೋಜನೆಯನ್ನು ಇನ್ಸ್‌ಪೈರ್ ಎಂಬ ಬೇರೊಂದು ಕಾರ್ಯಕ್ರಮದಲ್ಲಿ ವಿಲೀನಗೊಳಿಸಲಾಯಿತು.

ಒಂದು ವರ್ಷದ ಅಂತರದಲ್ಲಿ ಎರಡು ರಾಷ್ಟ್ರೀಯ ಶೋಧಗಳು ನಿಂತುಹೋದ ಪರಿಣಾಮವಾಗಿ, ಹದಿನೈದರಿಂದ ಹದಿನೇಳರ ಪ್ರಾಯದ ಮಕ್ಕಳ ಆಯ್ಕೆ ಈಗ ಬಹುಮಟ್ಟಿಗೆ ವೃತ್ತಿಶಿಕ್ಷಣದ ಪ್ರವೇಶ ಪರೀಕ್ಷೆಗಳ ವಶವಾಗಿದೆ. ವಿಜಯನಗರ, ರಾಜಾಜಿನಗರ, ಬಸವೇಶ್ವರನಗರಗಳ ಬೀದಿಗಳಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶದ ವಾರದಲ್ಲಿ ಕಾಣುವ ಬ್ಯಾನರುಗಳು ಸಿಇಟಿ, ನೀಟ್, ಜೆಇಇಗಳ ರ‍್ಯಾಂಕುಗಳನ್ನು ಸಾರುತ್ತವೆ. ಪಿಯುಸಿಯ ಪಾಠವನ್ನೂ ಈ ಪರೀಕ್ಷೆಗಳ ತರಬೇತಿಯನ್ನೂ ಬೆಸೆದ ಖಾಸಗಿ ಕಾಲೇಜುಗಳಲ್ಲಿ ಬೋಧನೆ ನಡೆಯುವುದು ಆ ಪರೀಕ್ಷೆಗಳಿಗಾಗಿಯೇ. ಪ್ರಯೋಗಾಲಯ ಬಾಗಿಲು ತೆರೆಯುವುದು ಅನೇಕ ಕಡೆ ಪ್ರಾಯೋಗಿಕ ಪರೀಕ್ಷೆಯ ಮುನ್ನಾ ದಿನಗಳಲ್ಲಿ. ನವೋದಯಗಳೂ ಈ ಸೆಳೆತದಿಂದ ಮುಕ್ತವಲ್ಲ: ಅಲ್ಲಿಯ ಆಯ್ದ ವಿದ್ಯಾರ್ಥಿಗಳಿಗೆ ದಕ್ಷಣ ಪ್ರತಿಷ್ಠಾನದಂತಹ ಸೇವಾಸಂಸ್ಥೆಗಳು ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಪ್ರವೇಶಕ್ಕೆ ಉಚಿತ ತರಬೇತಿಯನ್ನು ಕೊಡುತ್ತಿವೆ, ಬಡವರ ಮನೆಯ ಅನೇಕ ಮಕ್ಕಳು ಅದರಿಂದ ಐಐಟಿಗಳನ್ನು ಮುಟ್ಟಿದ್ದಾರೆ. ಅವರ ಸಾಧನೆ ಸಣ್ಣದಲ್ಲ. ಆದರೆ ಅದು ಬಡತನದಿಂದ ಬಿಡುಗಡೆಯ ಕಥೆ, ವಿಜ್ಞಾನ ಶಿಕ್ಷಣದ ಕಥೆಯಲ್ಲಿ ಅದರ ಸ್ಥಾನ ಎಷ್ಟೆಂಬುದು ಬೇರೆಯ ವಿಚಾರ. 2016ರಿಂದೀಚೆಗೆ ಶಾಲೆಗಳಿಗೆ ಬಂದಿರುವ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು, ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿಗಳವರೆಗಿನ ಅನುದಾನದೊಡನೆ, ಕೈಕೆಲಸದ ಅಭ್ಯಾಸವನ್ನು ಹಿಂದಕ್ಕೆ ತರಲು ಯತ್ನಿಸುತ್ತಿವೆ. ಅವುಗಳ ಉಪಯೋಗ ಶಾಲೆಯ ವಿಜ್ಞಾನದ ಮೇಷ್ಟರು ಎಂತಹವರೆಂಬುದನ್ನೇ ಬಹುಮಟ್ಟಿಗೆ ಅವಲಂಬಿಸಿರುತ್ತದೆ.

ಈ ಕಡೆಯ ಅಂಶವನ್ನು ಮುಖ್ಯವಾಗಿ ಇಟ್ಟುಕೊಂಡ ಪ್ರಯತ್ನವೊಂದು ಚಿತ್ರದುರ್ಗ ಜಿಲ್ಲೆಯಲ್ಲಿ ನಡೆದಿದೆ. ಚಳ್ಳಕೆರೆಯ ಬಳಿ ಕುದಾಪುರದಲ್ಲಿ ಸರ್ಕಾರ ನೀಡಿದ 1500 ಎಕರೆ ಬಯಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ತನ್ನ ಎರಡನೆಯ ಆವರಣವನ್ನು ಆರಂಭಿಸಿದಾಗ, ಅಲ್ಲಿ ಮೊದಮೊದಲು ಕಾರ್ಯಪ್ರವೃತ್ತವಾದವುಗಳಲ್ಲಿ ಒಂದು ಪ್ರತಿಭಾವಿಕಾಸ ಕೇಂದ್ರ. ಅದು ಮಕ್ಕಳನ್ನು ಆಯುವುದಿಲ್ಲ. ಸರ್ಕಾರಿ ಪ್ರೌಢಶಾಲೆ ಹಾಗೂ ಪದವಿಪೂರ್ವ ಕಾಲೇಜುಗಳ ವಿಜ್ಞಾನ, ಗಣಿತ ಅಧ್ಯಾಪಕರನ್ನು ಕೆಲವು ದಿನಗಳ ಮಟ್ಟಿಗೆ ಅಲ್ಲಿಯೇ ಉಳಿಸಿಕೊಂಡು, ಅವರಿಂದಲೇ ಪ್ರಯೋಗಗಳನ್ನು ಮಾಡಿಸಿ, ಅವರವರ ಊರುಗಳ ಶಾಲೆಗಳಿಗೆ ಹಿಂದಕ್ಕೆ ಕಳುಹಿಸುತ್ತದೆ.